ನೂರಾ ಹನ್ನೆರಡನೇ ಪುಟ

ರಾಮದುರ್ಗ,
೯ ನವೆಂಬರ್ ೨೦೨೫

ಪ್ರೀತಿಯ ತಮ್ಮ ಕಾಂತೇಶಗ,

ಹೊಟ್ಟಿ ಉರಿ ಕಡಿಮಿ ಆತೋ ಇಲ್ಲೋ? ಹೋಟೆಲ್ ಊಟ ಬಿಟ್ಟು ಮಜ್ಜಿಗಿ ಕುಡಿ ಅಂದಿದ್ದೆ, ಕೇಳೂ ಪೈಕಿ ಅಲ್ಲ ನೀ. ಇಲ್ಲಿ ಅವ್ವ ಆರಾಮ ಅದಾಳ. ಮೊಣಕಾಲ ನೋವಂತ ಕುಂಟಕೋತನ ಮೊನ್ನೆ ನನ್ನ ಕೂಡ ಬಸ್ ಹತ್ತಿ ಬೈಲಹೊಂಗಲಕ್ಕ ಬಂದಳು. ಅಲ್ಲಿ ಕಾಲೇಜಿನ್ಯಾಗ ನಿನ್ನ ಕಾದಂಬರಿ ಮ್ಯಾಲ ಭಾಷಣ ಇತ್ತಲ್ಲ. ಪುಸ್ತಕ ಬರದವ ನೀ ಬರಲಿಲ್ಲ, ಓದಾಕ ಬರದಾಕಿ ಬಂದಳು.

ಶಂಕರೆಪ್ಪ ಅಂತ ಯಾವನೋ ಪ್ರೊಫೆಸರ್ ತಾಸಗಟ್ಲೆ ಕೊರದ. ನಿನ್ನ ಕಾದಂಬರಿಯೊಳಗ ಹೊಳಿ ಬಂದು ಊರು ಮುಳುಗಿ, ಜನ ಹಿಡಿ ಅಕ್ಕಿಗೆ ಬಡದಾಡುವಾಗ ಹಿರಿಯ ತನ್ನ ತಲಿ ಮ್ಯಾಲಿನ ಬಿಳೀ ರುಮಾಲು ಎತ್ತಿ ಹಿಡೀತಾನಂತ, ಎಲ್ಲಾರೂ ಗಪ್ ಆಗತಾರಂತ. ರುಮಾಲು ಅಂದ್ರ ನಾಯಕತ್ವದ ಸಂಕೇತ, ಅದರ ಬಿಳುಪು ನೈತಿಕತೆಯ ಸಂಕೇತ. ಚಾದಾಗ ನೊಣ ಬಿದ್ದಿದ್ರ ಅದಕ್ಕೂ ಒಂದು ಸಂಕೇತ ಹಚ್ಚತಿದ್ದ ಪುಣ್ಯಾತ್ಮ. ಮಂದಿ ಚಪ್ಪಾಳಿ ಹೊಡದ್ರು. ನನಗ ಮೈಯೆಲ್ಲ ಉರೀತು.

ಯಾಕಂದ್ರ ಆ ರುಮಾಲು ನಾ ಕಣ್ಣಾರೆ ನೋಡೇನಿ. ನೀ ಆಗ ಮೈಸೂರಾಗ ಟೀವಿ ಮುಂದ ಕುಂತಿದ್ದಿ. ಮಲಪ್ರಭಾ ಏರಿದಾಗ ನಮ್ಮ ಓಣಿಯವರೆಲ್ಲಾ ತೊರಗಲ್ ಕ್ವಾಟಿ ಹತ್ತಿದ್ವಿ. ಎರಡು ದಿನದಾಗ ಎಲ್ಲಾರ ಬಣ್ಣ ಬಯಲಾತು. ಓಣ್ಯಾಗಿನ ಅಂಗಡಿ ಬಸಯ್ಯ ಅಕ್ಕಿ ಚೀಲದ ಮ್ಯಾಲ ಮಕ್ಕೊಂಡ, ಯಾರಿಗೂ ಮುಟ್ಟಗೊಡಲಿಲ್ಲ. ಅಪ್ಪ ಪಂಚರೊಳಗ ಹಿರಿಯ. ರುಮಾಲು ತೊಯ್ಯಬಾರದಂತ ಕಮಾನಿನ ಕೆಳಗ ಮೂಲಿ ಹಿಡದು ಕುಂತ. ಆಮ್ಯಾಲ ನಿನಗ ಫೋನಿನ್ಯಾಗ ಏನ ಕೊಚ್ಚಿಕೊಂಡನೋ! ಕೆಟ್ಟವ ಅಲ್ಲ ಅಪ್ಪ. ಅಂಜಿದ್ದ, ಅಷ್ಟ. ಸತ್ತವರ ಬಗ್ಗೆ ಹಿಂಗ ಬರೀತಾಳಂತ ಬೈಬ್ಯಾಡ, ನನಗೂ ಅಂವ ಅಪ್ಪನ. ಆದ್ರ ರುಮಾಲು ಎತ್ತಿದಾಕಿ ಅವ್ವ. ಅಪ್ಪನ ತಲಿಯಿಂದ ಜಗ್ಗಿ, ನಾಕು ಮಡಚಿ ಕೊಡದ ಬಾಯಿಗೆ ಕಟ್ಟಿ, ರಾಡಿ ನೀರು ಸೋಸಿ ಕುದಿಸಿದಳು. ಬಸಯ್ಯನ್ನ ಚೀಲದ ಮ್ಯಾಲಿಂದ ಎಬ್ಬಿಸಿದಳು. ಸೌಟು ಹಿಡದು, "ಮೊದಲ ಬಾಣಂತೇರು, ಆಮ್ಯಾಲ ಹುಡುಗೂರು, ಕಡೀಕ ಪಂಚರು" ಅಂದಳು. ಪಂಚರೂ ಸಾಲಿನ ಕಡೀಕ ಹೋಗಿ ನಿಂತರು. ಯಾರದೋ ರೊಕ್ಕ ಎಲ್ಲಮ್ಮನ ಜಾತ್ರಿ ಅಂತಾರಲ್ಲ, ಹಂಗ ಆತು ನಿನ್ನ ಕಾದಂಬರಿ.

ಅದರಾಗ ಅವ್ವ ಎಲ್ಲಿ ಅದಾಳೋ ಮಾರಾಯಾ? ಹುಡುಕಿ ಹುಡುಕಿ ಸಾಕಾತು. ನೂರಾ ಹನ್ನೆರಡನೇ ಪುಟದಾಗ ಒಂದ ಸಾಲು: "ಹೆಂಗಸರು ಅಳುತ್ತಿದ್ದರು." ಯಾವ ಹೆಂಗಸು ಅತ್ತಿದ್ದಳೋ? ಅಳಾಕ ಪುರುಸೊತ್ತರ ಯಾರಿಗಿತ್ತು?

ಇನ್ನ ಬಿಳುಪಿನ ಮಾತು. ಆ ರುಮಾಲು ರಾಡಿ ಕುಡದು ಕೆಂಪಾತು, ಎಷ್ಟ ಒಗದರೂ ಬಿಳಿ ಆಗಲಿಲ್ಲ. ನೀ ಬಂದು ಹೋಗುವಾಗೆಲ್ಲ ಅವ್ವ ಅದರಾಗನ ರೊಟ್ಟಿ ಕಟ್ಟಿ ಕೊಡತಾಳ. "ಇಂಥಾ ಹೊಲಸ ಅರಬಿ ಯಾಕಬೇ" ಅಂತ ಮುಖ ಮುರೀತೀಯಲ್ಲ, ಅದ ನಿನ್ನ ಸಂಕೇತ. ಪ್ರೊಫೆಸರಗೂ ತಿಳಸು.

ಮಜ್ಜಿಗಿ ಮರೀಬ್ಯಾಡ. ದೇವರು ನಿನ್ನ ಹೊಟ್ಟಿ ತಂಪಾಗಿಡಲಿ, ಕಣ್ಣ ನೆಟ್ಟಗ ಮಾಡಲಿ.

ನಿನ್ನ ಅಕ್ಕ,
ರೇಣು

ತಾ.ಕ.: ತಿರುಗಿ ಬರುವಾಗ ಸವದತ್ತಿ ದಾಟಿದ ಮ್ಯಾಲ ಅವ್ವ, "ಅದರಾಗ ನಾ ಎಲ್ಲಿ ಬರತೇನಿ?" ಅಂದಳು. ನನ್ನ ಬಾಯಿಂದ ಇಲ್ಲ ಅನ್ನಾಕ ಆಗಲಿಲ್ಲ. ಮನಿಗೆ ಬಂದು ಪುಸ್ತಕ ತಗದು, ನೀರು ಸೋಸಿದ್ದು, ಸೌಟು ಹಿಡದದ್ದು, ಎಲ್ಲಾ ನಾನ ಕಟ್ಟಿ ಓದಿದಂಗ ಹೇಳಿದೆ. ಸೆರಗು ಬಾಯಿಗೆ ಹಚ್ಚಿಕೊಂಡು ಅತ್ತಳು. "ನನ್ನ ಮಗ ಮರತಿಲ್ಲ ನೋಡು" ಅಂದು ಆ ಪುಟದ ಮೂಲಿ ಮಡಚಿ ಇಟ್ಟಾಳ. ಈಗ ನಿನ್ನ ಬಾಯಿಂದನ ಕೇಳಬೇಕಂತ. ಸಂಕ್ರಾಂತಿಗೆ ಬಾ, ಬರುವಾಗ ನಾ ಕಟ್ಟಿ ಹೇಳಿದ್ದನ್ನ ಬರಕೊಂಡ ಬಾ. ಆಕಿ ಮಡಚಿದ್ದು ನೂರಾ ಹನ್ನೆರಡನೇ ಪುಟ.