ಕಾಯಿಲ್‌ಗೆ ನೇರ ತಂತಿ

ತಮ್ಮಾ ಹುಲಗೇಶ,

ನಾನು ಆಸ್ಪತ್ರೆಗೆ ಹೊರಟೆ. ರೊಟ್ಟಿ ಬುಟ್ಟಿಯಲ್ಲಿವೆ, ತಿಂದೇ ಬಾ.

ಮೊದಲು ಸನತ್‌ನಗರದ ನಮ್ಮ ರಿಪೇರಿ ಶೆಡ್ಡಿಗೆ ಹೋಗಿ ಆ ಹಳೇ ಸೀಮೆಎಣ್ಣೆ ಟ್ರ್ಯಾಕ್ಟರಿನ ಬ್ಯಾಟರಿ ಕಳಚಿಡು. ಸ್ಟಾರ್ಟ್ ಮಾಡುವಾಗ ಮಾತ್ರ ಇಂಜಿನ್ನಿಗೆ ಕಿಡಿ ಕೊಡುವ ಕಾಯಿಲ್‌ಗೆ ಪೂರ್ತಿ ಕರೆಂಟು ಹೋಗಬೇಕು, ಆಮೇಲೆ ರೆಸಿಸ್ಟರ್ ಅದನ್ನು ತಗ್ಗಿಸಬೇಕು ಎಂದು ಅಪ್ಪ ನಿನಗೆ ಎಷ್ಟು ಸಲ ಹೇಳಿದ್ದ! ರೆಸಿಸ್ಟರ್ ಸಿಗಲಿಲ್ಲವೆಂದು ನೀನು ನೇರ ತಂತಿ ಕೊಟ್ಟೆ. ಇಂಜಿನ್ ನಿಂತರೂ ಚಾವಿ ಆನ್ ಬಿಟ್ಟು ಚಹಾಕ್ಕೆ ಹೋದೆ. ಕಾಯಿಲ್ ಒಳಗಿನ ಎಣ್ಣೆ ಕುದಿದು, ಅಪ್ಪ ಬಗ್ಗಿ ನೋಡುವಾಗ ಮುಖಕ್ಕೇ ಸಿಡಿಯಿತು.

ಬಲಗಣ್ಣು ಉಳಿಯುವುದಿಲ್ಲವಂತೆ.

ಡಾಕ್ಟರ್ ಕೇಳಿದ್ದಕ್ಕೆ ಅಪ್ಪ, "ತಂತಿ ನಾನಽ ಹಚ್ಚಿದ್ದೆರಿ, ನನ್ನ ಮಗಂದೇನೂ ತಪ್ಪಿಲ್ಲ" ಎಂದ.

ಬಂದಾಗ ಅವನ ಎಡಕ್ಕೆ ಕೂತುಕೋ. ಬಲಕ್ಕೆ ಕೂತರೆ ನೀನು ಕಾಣುವುದಿಲ್ಲ.

ಅಕ್ಕ