ಹೆಸರು ಹಿಡಿದ ಕಾಗದ

ನ್ಯಾಲ್ಕಲ್
ಕಾರ್ತಿಕ ಬಹುಳ ಪಂಚಮಿ, ೧೩೫೬ ಫಸಲಿ

ತಾಯಿಯ ಸಮಾನಳಾದ ಅಕ್ಕ ಕಾಂತಾಬಾಯಿಗೆ ತಂಗಿ ಪಾರ್ವತಿಯ ಶರಣಾರ್ಥಿಗಳು.

ಬರೆಯಲು ತಡವಾಯಿತು, ಸಿಟ್ಟಾಗಬೇಡ. ಅವ್ವನ ಕೆಮ್ಮು ದೀಪಾವಳಿಯ ತನಕ ಬಿಡಲಿಲ್ಲ. ಈಗ ಎದ್ದು ಕೂತು ರೊಟ್ಟಿ ಬಡಿಯುತ್ತಾಳೆ. ಹಿತ್ತಲಲ್ಲಿ ಅವರೆ ಹೂ ಬಿಟ್ಟಿದೆ. ಸುದ್ದಿ ಇಷ್ಟೇ ಆಗಿದ್ದರೆ ಎಂದೋ ಬರೆದು ಹಾಕುತ್ತಿದ್ದೆ. ಕೂತಾಗಲೆಲ್ಲ ಇನ್ನೊಂದು ಮಾತು ಅಡ್ಡ ಬರುತ್ತಿತ್ತು. ನಾನು ಯಾರೆದುರಿಗೂ ಬಾಯಿ ಬಿಡದವಳು, ನಿನಗೆ ಗೊತ್ತು.

ಕುರುಬರ ಮಾಳಮ್ಮ ನೆನಪಿರಬೇಕು. ರೋಗ ಬಿದ್ದು ಅರ್ಧ ಹಿಂಡು ಹೋದ ಮೇಲೆ ಅವಳ ಗಂಡ ಪೀರಪ್ಪ ನಿಮ್ಮ ತಾಂಡೂರಿನ ಕಲ್ಲುಗಣಿಗೆ ಕೂಲಿಗೆ ಬಂದ. ಅಲ್ಲಿ ಮುನ್ಷಿಯಾಗಿರುವ ಬಾವನೇ ಅವನ ಕಾಗದ ಬರೆದುಕೊಡುತ್ತಿದ್ದರು. ಇಲ್ಲಿ ಹಿತ್ತಲ ಬಾಗಿಲಲ್ಲಿ ಕೂತು ನಾನು ಮಾಳಮ್ಮನಿಗೆ ಓದಿ ಹೇಳುತ್ತಿದ್ದೆ. ನಾಲ್ಕನೆಯ ಇಯತ್ತೆಯ ನನ್ನ ಓದಿಗೆ ಅದೇ ದೊಡ್ಡ ಕೆಲಸ.

ಪೀರಪ್ಪ ಆಡಿದ್ದನ್ನು ಬಾವ ಆಡಿದಂತೆಯೇ ಇಳಿಸುತ್ತಿದ್ದರು. "ಕುಂಟ ಕುರಿ ಈದದೇನು? ಕರಿ ನಾಯಿ ಮನಿ ಕಾಯತದೋ, ಅಡ್ಡಾಡತದೋ? ಹುಲ್ಲು ಹ್ಯಾಂಗ ಅದ?" ಎಲ್ಲ ಕೇಳಿ ಮುಗಿದ ಮೇಲೆ, ಕಟ್ಟಕಡೆಗೆ, "ನಮ್ಮ ಮನ್ಯಾಗಿನಾಕಿ ಹೊಟ್ಟಿ ತುಂಬ ಉಣ್ಣತಾಳಿಲ್ಲ?" ಮಾಳಮ್ಮನ ಹೆಸರು ಒಂದು ಸಲವೂ ಇಲ್ಲ. ಗಂಡಹೆಂಡಿರು ಒಬ್ಬರ ಹೆಸರು ಒಬ್ಬರು ಹಿಡಿಯುವುದು ನಮ್ಮಲ್ಲಿ ಯಾರ ಮನೆಯಲ್ಲಿದೆ?

ಆಷಾಢದಿಂದೀಚೆಗೆ ಮೂರು ಕಾಗದ ಬಂದವು. ಮೂರೂ "ಸೌಭಾಗ್ಯವತಿ ಮಾಳಮ್ಮನಿಗೆ" ಎಂದು ಶುರುವಾದವು.

ಮೊದಲನೆಯದನ್ನು ಓದಿದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಯವ್ವಾ, ನನ್ನ ಹೆಸರ ಹಿಡದಾನ? ಖರೇ ಹೇಳು ಪಾರವ್ವ, ನೀನೇ ಸೇರಸಿ ಓದಲಿಲ್ಲ?"

"ನಾ ಯಾಕ ಸೇರಸಲಿ? ಇಲ್ಲೇ ಅದ ನೋಡು."

"ನನಗೇನು ಕಾಣತದ, ಇರಿವಿ ಸಾಲು ಹೊಂಟಂಗ ಕಾಣತದ. ಪೇಟಿ ನೀರು ಕುಡದು ಬೇಶರಮ್ ಆಗ್ಯಾನ! ಇನ್ನೊಮ್ಮಿ ಓದು. ಅದೊಂದೇ ಓದು."

ಎಷ್ಟು ಸಲ ಓದಿದೆನೋ. ಪ್ರತಿ ಸಲವೂ ಅವಳ ಮುಖ ಹೊಸ ಮದುಮಗಳದು. ನನಗೂ ಖುಷಿಯಾಗುತ್ತಿತ್ತು.

ಮೂರನೆಯ ಕಾಗದ ಓದಿ ಮುಗಿಸಿ ಮತ್ತೆ ಮೇಲಿನಿಂದ ಕಣ್ಣಾಡಿಸಿದೆ. ಅದರಲ್ಲಿ ಕುರಿ ಇರಲಿಲ್ಲ, ನಾಯಿ ಇರಲಿಲ್ಲ, ಹುಲ್ಲಿರಲಿಲ್ಲ. ಹಿಂದಿನ ಎರಡರಲ್ಲೂ ಇರಲಿಲ್ಲ. ಮೂರರ ಕೊನೆಗೂ ಒಂದೇ ಸಾಲು: "ನಾನು ಸುಖವಾಗಿದ್ದೇನೆ, ನೀನು ಸದ್ಯ ಇಲ್ಲಿಗೆ ಬರಬೇಡ." ಅಕ್ಕ, ಅಲ್ಲಿಯವರೆಗೆ ನಾನು ಕಾಗದದಲ್ಲಿ ಏನಿದೆ ಎಂದಷ್ಟೇ ಓದುತ್ತಿದ್ದೆ. ಅದರ ಹಿಂದೆ ಯಾರು ಕೂತು ಮಾತಾಡುತ್ತಿದ್ದಾರೆ, ಕೇಳಿದವರು ಏನು ಮಾಡಲಿ ಎಂದು ಮಾತಾಡುತ್ತಿದ್ದಾರೆ ಎಂದು ನೋಡಿರಲಿಲ್ಲ. ಕುರಿಯನ್ನು ಕೇಳದೆ ಹೆಂಡತಿಯ ಹೆಸರು ಹಿಡಿಯುವವನು ಪೀರಪ್ಪನಲ್ಲ. ಯಾರನ್ನೋ ಬರದಂತೆ ತಡೆಯಲು ಬರೆದ ಕಾಗದ ಅದು.

ಅದೇ ಗಣಿಯ ಕೂಲಿ, ನಮ್ಮೂರಿನ ಅಂಜಪ್ಪ, ಹೋದ ವಾರ ಜಹೀರಾಬಾದಿನಲ್ಲಿ ರೈಲಿಳಿದು ಊರಿಗೆ ಬಂದ. ನಾನು ಗೋಡೆಯ ಈಚೆಯಿಂದ ಪೀರಪ್ಪನ ಸುದ್ದಿ ಕೇಳಿದೆ.

"ಅವನ ಜೀವ ಹೋಗಿ ಐದು ತಿಂಗಳಾತು ಪಾರವ್ವ. ಗಣ್ಯಾಗ ಬಂಡಿಗಲ್ಲು ಕುಸದು ಮ್ಯಾಲ ಬಿತ್ತು. ಮಾಳವ್ವ ಎದಿ ಒಡಕೋತಾಳ, ನಾನೇ ಹಗೂರ್ಕ ತಿಳಸ್ತೀನಿ ಅಂದ್ರು ನಿಮ್ಮ ಬಾವ. ತಿಳಸಲಿಕ್ಕ ಅವರಿಗೇ ಕೈ ಏಳಲಿಲ್ಲ."

ಬಾವ ಮೆತ್ತನೆಯ ಮನುಷ್ಯರು. ನಾನು ಅವರನ್ನು ಬೈಯುತ್ತಿಲ್ಲ. ಆದರೆ ಐದು ತಿಂಗಳಿಂದ ಮಾಳಮ್ಮ ತಲೆತುಂಬ ಹೂ ಮುಡಿದು ಬಾವಿಗೆ ಹೋಗುತ್ತಾಳೆ. ನಿನ್ನೆಯೂ ನನ್ನ ಬಳಿ ಬಂದು ಕೂತಳು.

"ಜವಾಬ ಬರಿ. ಅವ ನನ್ನ ಹೆಸರ ಹಿಡದಾನ, ನಾನೂ ಹಿಡೀತೀನಿ. ನೀ ಆಕಡೆ ಮುಖ ಮಾಡು." ನಾನು ಗೋಡೆ ನೋಡುತ್ತ ಕೂತೆ. ಅವಳು ಹುಟ್ಟಿ ಮೊದಲ ಸಲ ಗಂಡನ ಹೆಸರು ಹೇಳಿದಳು. ಎರಡು ಸಲ ಹೇಳಿದಳು. ನಾನು ಬರೆದೆ. ಆ ಚೀಟಿಯನ್ನು ಇದರೊಳಗೆ ಇಟ್ಟಿದ್ದೇನೆ. ನನಗೂ ಬಾಯಿ ಬರಲಿಲ್ಲ, ಅಕ್ಕ. ಬಾವನೂ ನಾನೂ ಒಂದೇ ಆದೆವು. ಹಿತ್ತಲಲ್ಲಿ ಅವಳ ಬಳೆ ಸದ್ದಾದರೆ ಈಗ ಒಳಮನೆಗೆ ಹೋಗಿ ಕೂರುತ್ತೇನೆ. ಆದರೂ ಸೋಮವಾರ ಅವಳ ಮನೆಗೆ ನಾನೇ ಹೋಗಿ ಹೇಳುತ್ತೇನೆ.

ಅವ್ವ ನಿನಗೂ ಕೂಸಿಗೂ ನೂರು ವರ್ಷದ ಆಶೀರ್ವಾದ ಹೇಳಿದ್ದಾಳೆ.

ನಿನ್ನ ತಂಗಿ
ಪಾರ್ವತಿ

ತಾ.ಕ.: ಇದು ಅವ್ವನಿಗೆ ಗೊತ್ತಿಲ್ಲ. ನಿನ್ನ ಹೆರಿಗೆಯಾದಾಗಿನಿಂದ ನಿನ್ನ ಕಾಗದವನ್ನೂ ಬಾವನೇ ಬರೆಯುತ್ತಿದ್ದಾರೆ. ಬಾಣಂತಿಗೆ ಕೈ ನೋವು ಎಂದಿದ್ದರು, ನಂಬಿದೆ. ಆಗಿನಿಂದ ಬಂದ ನಾಲ್ಕನ್ನೂ ನಿನ್ನೆ ಮುಂದಿಟ್ಟುಕೊಂಡು ಓದಿದೆ. ನಾಲ್ಕರಲ್ಲೂ ನೀನು ನನಗೆ ಆಶೀರ್ವಾದ ಹೇಳಿದ್ದೀಯ. ನೀನು ನನ್ನನ್ನು ಎಂದು ಹರಸಿದ್ದೆ? "ತಲಿಗೆ ಎಣ್ಣಿ ಹಚಗೋ, ಹುಚ್ಚಿ" ಎಂದು ಬೈಯದೆ ಯಾವ ಕಾಗದ ಮುಗಿಸಿದ್ದೆ? ನಾಲ್ಕರ ಕೊನೆಗೂ "ಸದ್ಯ ಯಾರೂ ಬರಬೇಡಿ" ಎಂದಿದೆ. ನಮ್ಮ ಅಕ್ಕ ಹ್ಯಾಂಗದಾಳ ಎಂದು ಅಂಜಪ್ಪನನ್ನು ಕೇಳಿದೆ. ಅವನು ಕಾಲಲ್ಲಿನ ಚಪ್ಪಲಿ ನೋಡುತ್ತ, "ಹೊತ್ತಾತು, ಬರತೀನಿ" ಎಂದು ಹೋದ.

ಅಕ್ಕ, ನಿನ್ನ ಕೈಯಿಂದ ಒಂದೇ ಸಾಲು ಬೈದು ಬರಿ. ಬಾವಾ, ಇದನ್ನು ಓದುತ್ತಿರುವವರು ನೀವಾದರೆ ಏನೂ ಬರೆಯಬೇಡಿ. ಸಾವಿನ ಕಾಗದಕ್ಕೆ ಮೂಲೆ ಹರಿಯುತ್ತಾರಲ್ಲ, ಹಾಗೆ ಇದನ್ನೇ ಮೂಲೆ ಹರಿದು ನನಗೆ ತಿರುಗಿ ಕಳಿಸಿ.