ಬಾಯಲ್ಲಿ ಬಾರದ ಹೆಸರು

ಕೊರ್ಲಹಳ್ಳಿ
೧೨ ಜುಲೈ ೧೯೫೩

ಪೋಸ್ಟ್ ಮಾಸ್ತರ ಸಾಹೇಬರಿಗೆ ತಿಪ್ಪವ್ವ ಮಾಡುವ ನಮಸ್ಕಾರಗಳು.

ಯುದ್ಧದಲ್ಲಿ ತೀರಿಕೊಂಡ ನನ್ನ ಯಜಮಾನರ ಪಿಂಚಣಿ ಒಯ್ಯಲು ಹೋದ ತಿಂಗಳು ನಿಮ್ಮಲ್ಲಿಗೆ ಬಂದಿದ್ದೆ. "ತಿಪ್ಪವ್ವ ನಿನ್ನೆನ ಬಂದು ಹೆಬ್ಬಟ್ಟು ಒತ್ತಿ ಒಯ್ದಾಳಲ್ಲ, ನೀ ಯಾರು?" ಎಂದರು ಕಾರಕೂನರು. ಗಂಡನ ಹೆಸರು ಕೇಳಿದರು. ನಮ್ಮಲ್ಲಿ ಹೆಂಡತಿಯಾದವಳು ಗಂಡನ ಹೆಸರು ಹೇಳುವುದಿಲ್ಲ. "ನಿನ್ನೆ ಬಂದಾಕಿ ಪಟಪಟ ಹೇಳಿದ್ಳು. ಗಂಡನ ಹೆಸರ ಗೊತ್ತಿಲ್ಲದಾಕಿ ಎಂಥಾ ಹೇಂತಿ ಬೇ ನೀ?" ಎಂದರು. ಸಾಲಿನಲ್ಲಿದ್ದವರು ನಕ್ಕರು.

ಹಾಗೆ ಬಂದು ಹೋದವಳು ಪಕ್ಕದ ಮನೆಯ ಸಾವಂತ್ರೆವ್ವ. ಸರ್ಕಾರದ ಕಾಗದಗಳನ್ನೆಲ್ಲ ನನಗೆ ಓದಿ ಹೇಳುತ್ತಿದ್ದವಳು ಅವಳೇ. ಯಜಮಾನರು ಸತ್ತ ತಂತಿಯನ್ನು ಓದಿದವಳೂ ಅವಳೇ. ಅವಳನ್ನು ಬೈಯಬೇಕೆಂದೂ ಅನಿಸುತ್ತಿಲ್ಲ. ಕಾಗದಗಳನ್ನು ಈಗ ಜೋಳದ ಗಡಿಗೆಯೊಳಗೆ ಹುಗಿದಿಟ್ಟಿದ್ದೇನೆ.

ತಮ್ಮಲ್ಲಿ ಒಂದು ವಿನಂತಿ. ಇನ್ನು ಮೇಲೆ ಹೆಸರನ್ನು ಬಾಯಿಂದ ಹೇಳಿಸಬೇಡಿ. ಹಾಳೆ ಕೊಡಿ, ಬರೆದು ತೋರಿಸುತ್ತೇನೆ. ಈ ಪತ್ರವನ್ನು ಇಟ್ಟುಕೊಂಡು ತಾಳೆ ನೋಡಿ. ಸಾವಂತ್ರೆವ್ವನ ಅಕ್ಷರಗಳು ದುಂಡಗಿವೆ, ನನ್ನವು ಸೊಟ್ಟ. ಸೊಟ್ಟಗೆ ಬರೆದವಳಿಗೇ ಕೊಡಿ.

ಪತ್ರ ಬರೆದುಕೊಟ್ಟವರು ನಮ್ಮೂರ ಶಾಲೆಯ ಮಾಸ್ತರರು. ಕೊನೆಯಲ್ಲಿರುವ ಯಜಮಾನರ ಹೆಸರು ಮಾತ್ರ ನನ್ನ ಕೈಯದು. ಐದು ಸಂಜೆ ಕೂತು ಅದೊಂದನ್ನೇ ಕಲಿತೆ. ಅದರಲ್ಲಿ ಒತ್ತಕ್ಷರಗಳಿಗೇ ಎರಡು ಸಂಜೆ ಹೋದವು.

ಇಂತಿ,
ತಿಪ್ಪವ್ವ
ಗಂಡ: ಗವಿಸಿದ್ದಪ್ಪ